ಟ್ರಿಪ್ ಕಟ್

ಹದಿನಾಲ್ಕು ತಿಂಗಳ ಮೇಲೆ ಮತ್ತೆ ಅದೇ ಕೋಣೆ.
ಫಿನಾಯಿಲು, ನೋವಿನ ಮುಲಾಮು, ಒದ್ದೆ ಟವೆಲಿನ ವಾಸನೆ.
ಕಿಟಕಿಯಾಚೆ ಕಂಕನಾಡಿಯ ಏರು;
ಗೇರು ಬದಲಿಸುವಾಗ ಕೆಮ್ಮುವ ಬಸ್ಸು
ಯಾರದೆಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಫ್ಲಾವಿಯಾ ಮೇಡಂ ಕಡತ ತಿರುವಿ
'ಎಲ್ಲಿಗೆ ಹೋಗಿದ್ದಿರಿ ಮಾರಾಯ್ರೇ ಇಷ್ಟು ದಿನ?' ಎಂದರು.
ಎಲ್ಲಿಗೂ ಇಲ್ಲ.
ಹೋಗದೆ ಇದ್ದದ್ದೇ ಸಂಗತಿ.

ಸೊಂಟದ ಕೆಳಗೊಂದು ಹುಣ್ಣು, ನಾಲ್ಕಾಣೆಯಷ್ಟಿದ್ದದ್ದು
ಅಂಗೈಯಷ್ಟಾಗಿ, ಆರು ತಿಂಗಳು ಕವುಚಿ ಮಲಗಿ
ಕೆಂಪು ನೆಲದ ಬಿರುಕು ಎಣಿಸಿದೆ.
ವಾರಿಜ ದಿನಕ್ಕೆರಡು ಸಲ ತೊಳೆಯುತ್ತಿದ್ದಳು.
ನನಗೆ ನೋವಿಲ್ಲ; ಅವಳು ಉಸಿರು ಬಿಗಿಹಿಡಿದದ್ದರಿಂದಲೇ
ಗಾಯ ಎಷ್ಟು ಆಳವೆಂದು ತಿಳಿಯುತ್ತಿತ್ತು.
ಒಣಗಿದ ಮೇಲೂ ಬರಲಿಲ್ಲ.
ಆಟೋಕ್ಕೆ ದುಡ್ಡಿಲ್ಲ ಎಂದೆ, ಅದು ಅರ್ಧ ನಿಜ.
ಉಳಿದರ್ಧ ಯಾರೂ ಕೇಳಲಿಲ್ಲ.

ಇಪ್ಪತ್ತೆರಡು ವರ್ಷ ಫುಟ್‌ಬೋರ್ಡಿನಲ್ಲಿ
ಒಂದು ಕಾಲು ಒಳಗೆ, ಒಂದು ಕಾಲು ಗಾಳಿಯಲ್ಲಿಟ್ಟು
ಜ್ಯೋತಿಯ ತಿರುವಿನಲ್ಲೂ ಬೀಳದವನು
ಬಿದ್ದದ್ದು ಬಚ್ಚಲುಕೊಟ್ಟಿಗೆಯ ಮಾಡಿನಿಂದ,
ಒಡೆದದ್ದೊಂದು ಹಂಚು ಬದಲಿಸಲು ಹೋಗಿ.
ಹೊಸ ಹಂಚು ಏನೂ ಆಗದೆ ಕೈಯಲ್ಲೇ ಇತ್ತಂತೆ.
ಈಗಲೂ ಇದೆ, ಬಾವಿಕಟ್ಟೆಯ ಪಕ್ಕ,
ಅದರ ಮೇಲೆ ವಾರಿಜ ಬಟ್ಟೆ ಸೋಪು ಇಡುತ್ತಾಳೆ.

ಬೆಲ್ಟು ಕಟ್ಟಿದರು. ಕ್ಯಾಲಿಪರಿನ ಮೊಣಕಾಲಿಗೆ
ಟಕ್ಕೆಂದು ಬೀಗ ಬಿತ್ತು.
ಚೀಲದ ಪಟ್ಟಿ ಸವೆಸಿದ ಗುರುತು ಹೆಗಲಲ್ಲಿ ಇನ್ನೂ ಉಂಟು;
ಈಗ ಪಟ್ಟಿ ಸೊಂಟಕ್ಕೆ, ಹಿಡಿ ಹಿಂದಿನವನ ಕೈಗೆ.
ಬಿಜೈಯ ಹುಡುಗ ತೇಜಪಾಲ.
'ಹೆದರಬೇಡಿ ಅಣ್ಣ, ನಾನಿದ್ದೇನೆ.'
ಹತ್ತಲು ಅಂಜುವ ಅಜ್ಜಿಯರಿಗೆ ನಾನೂ ಹೀಗೇ ಹೇಳುತ್ತಿದ್ದೆ,
ಎಷ್ಟು ಸುಲಭವಾಗಿ ಹೇಳುತ್ತಿದ್ದೆ.

'ಒಂದು, ಎರಡು...'

ಎದ್ದೆ.
ಕಣ್ಣಿಗೆ ಕತ್ತಲೆ, ಕಿವಿಯಲ್ಲಿ ಕಡಲ ಭರತ.
ಅದು ಇಳಿದಾಗ ಕಂಡದ್ದು
ಕಪಾಟಿನ ತಲೆ ಮೇಲಿನ ಧೂಳು,
ಯಾರೋ ಇಟ್ಟು ಮರೆತ ಕೊಡೆ,
ಫ್ಲಾವಿಯಾರ ಬೈತಲೆಯಲ್ಲಿ ಬಣ್ಣ ತಾಗದ ಒಂದಿಂಚು ಬಿಳಿ.
ವರ್ಷದ ಮೇಲಾಯಿತು, ನನಗೆ ಸಿಕ್ಕಿದ್ದೆಲ್ಲ
ಜನರ ಬೆಲ್ಟು, ಬಟನ್ನು, ಮೂಗಿನ ಹೊಳ್ಳೆ.
ಮರೆತೇ ಹೋಗಿತ್ತು: ನಾನು ಉದ್ದದ ಮನುಷ್ಯ,
ಬಸ್ಸಿನ ಸೂರಿಗೆ ತಲೆ ತಾಗದಂತೆ
ಬಗ್ಗಿಯೇ ದುಡಿದವನು.

ಕಾಲು ನಡುಗಿತು ನನ್ನನ್ನು ಕೇಳದೆ,
ಟೈಮಿಗೆ ಕಾಯುತ್ತ ಸ್ಟಾರ್ಟಿನಲ್ಲೇ ನಿಂತ ಬಸ್ಸಿನ ಹಾಗೆ.
'ಬಿಡಿ, ಅದರಷ್ಟಕ್ಕೇ ನಿಲ್ಲುತ್ತದೆ.'
ನಿಂತಿತು.

ಎರಡು ಸರಳು, ಹನ್ನೆರಡು ಅಡಿ.
ಆಗೆಲ್ಲ ಈ ತುದಿ ಸ್ಟೇಟ್‌ಬ್ಯಾಂಕು, ಆ ತುದಿ ಕಂಕನಾಡಿ,
ಹೋಗಿ ತಿರುಗಿ ಬರುತ್ತಿದ್ದೆ. ಸ್ವಲ್ಪ ಜಂಬವೂ ಇತ್ತು.
ಇವತ್ತು ಸೊಂಟ ಎತ್ತಿ ಎಸೆದರೆ ಬಲಗಾಲು ಬರುತ್ತದೆ,
ಎಡಗಾಲನ್ನು ಫ್ಲಾವಿಯಾ ತಮ್ಮ ಪಾದದಿಂದ ದೂಡುತ್ತಾರೆ.
ಹಂಪನಕಟ್ಟೆ.
ತೋಳು ಉರಿಯುತ್ತದೆ. ಜ್ಯೋತಿ.

ಮೂಲೆಯ ಕುರ್ಚಿಯಲ್ಲಿ ದಕ್ಕೆಯ ಮೊಯ್ದಿನಬ್ಬ ಬ್ಯಾರಿ,
ಬಲಬದಿ ಬಿದ್ದುಹೋಗಿ, ಮಾತೂ ಹೋಗಿ,
ಬಾಯಲ್ಲಿ ಉಳಿದದ್ದು ಒಂದೇ: 'ಪೋ.'
ಹಸಿವಿಗೂ ಪೋ, ಸಿಟ್ಟಿಗೂ ಪೋ, ಹೆಂಡತಿ ಬಂದರೂ ಪೋ.
ನನ್ನನ್ನು ನೋಡಿ ಎಡಗೈ ಎತ್ತಿ
ಹಿಂದಿನ ಸೀಟಿಗೂ ಕೇಳುವಂತೆ ಕೂಗಿದರು:
'ಪೋ! ಪೋ!'
ಎರಡು ಸಲ ಅಂದರೆ ಹೊರಡಬೇಕು.
ಬಲ್ಮಠ.

ಬೆಂದೂರ್‌ವೆಲ್ಲಿಗೆಂದು ಎದ್ದ ಎಡಗಾಲು
ಅರ್ಧದಲ್ಲೇ ನಿಂತಿತು. ತೇಜಪಾಲ ಕುರ್ಚಿ ತಂದ.
ರಾತ್ರಿ ಜನ ಕಡಿಮೆಯಾದರೆ ನಾವೂ ಹೀಗೇ
ಟ್ರಿಪ್ ಕಟ್ ಮಾಡಿ, ಇಳಿದವರ ಬೈಗುಳ ತಿಂದು,
ಮರುದಿನ ಆರೂ ಹತ್ತಕ್ಕೆ
ಅದೇ ಬೋರ್ಡು ಹಾಕಿಕೊಂಡು ಬರುತ್ತಿದ್ದೆವು.

ಕಡತದಲ್ಲಿ ಬರೆದರು: ನಾಲ್ಕು ಹೆಜ್ಜೆ.
'ಮೂರೂವರೆ ಮೇಡಂ, ಲೆಕ್ಕ ಲೆಕ್ಕವೇ' ಎಂದೆ.
'ಅರ್ಧ ಬಾಕಿ ಉಂಟೆಂದು ಹಿಂದುಗಡೆ ಬರೆದಿಡಿ,
ಚಿಲ್ಲರೆ ಸಿಕ್ಕಿದಾಗ ಕೊಡುತ್ತೇನೆ.'